ಪಾನವೂ ಪ್ರಾಣವೂ

(ಸಂಘದ ವಾರ್ಷಿಕೋತ್ಸವದ ಸಂದರ್ಭದಲ್ಲಿ ಹಿಂದೂಪುರದಲ್ಲಿ ಮಾಡಿದ ಭಾಷಣ)



ಕನ್ನಡ ಪಂಡಿತನು ಸಭೆಯಲ್ಲಿ ಎದ್ದು ನಿಂತರೆ ಕುಮಾರವ್ಯಾಸನನ್ನೋ ಲಕ್ಷ್ಮೀಶನನ್ನೋ ಕುರಿತು ಮಾತನಾಡುವನೆಂಬುದು ತಮ್ಮೆಲ್ಲರ ನಿರೀಕ್ಷೆ. ಈ ಸಲ ನಾವು ಆರಿಸಿಕೊಂಡ ವಿಷಯ ಬೀರು. ಮುಂದಿನ ಸಾಲಿನ ತಾಯಂದಿರು ಹುಬ್ಬು ಗಂಟಿಕ್ಕಿದ್ದು ನಮಗೆ ಕಂಡಿತು. ಹಿಂದಿನ ಸಾಲಿನ ಯುವಕರು ನೆಟ್ಟಗೆ ಕುಳಿತದ್ದೂ ಕಂಡಿತು. ಇಬ್ಬರಿಗೂ ಒಂದು ಭರವಸೆ ಕೊಡುತ್ತೇವೆ. ಕುಡಿಯಿರೆಂದು ಹೇಳಲು ನಾವು ಬಂದವರಲ್ಲ. ಕುಡಿದವರನ್ನು ನರಕಕ್ಕೆ ಕಳುಹಿಸುವ ಅಧಿಕಾರವೂ ನಮಗಿಲ್ಲ. ಮನುಷ್ಯನು ಈ ಪಾನೀಯವನ್ನು ಹೇಗೆ ಕಂಡುಕೊಂಡನು, ಸಾಯುವಾಗ ಅದನ್ನು ಎಲ್ಲಿಯವರೆಗೆ ಒಯ್ಯಲು ಬಯಸಿದನು ಎಂಬುದಷ್ಟೇ ಇಂದಿನ ವಿಚಾರ. ನಮ್ಮ ಲಾಕ್ಷಣಿಕರು ಮಹಾಕಾವ್ಯಕ್ಕೆ ವಿಧಿಸಿದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಆದುದರಿಂದ ಪಂಡಿತರ ಪಂಕ್ತಿಗೆ ಇದು ಹೊರಗಿನ ವಿಷಯವಲ್ಲ.

ಬೀರೆಂದರೆ ಏನು? ಜವೆಗೋಧಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿ, ನುಚ್ಚು ಮಾಡಿ ಬಿಸಿನೀರಿನಲ್ಲಿ ಇಟ್ಟರೆ ಸಿಹಿಯಾದ ರಸ ದೊರೆಯುತ್ತದೆ. ಹಾಪ್ಸ್ ಎಂಬ ಬಳ್ಳಿಯ ಹೂವನ್ನು ಅದರಲ್ಲಿ ಕುದಿಸಿದರೆ ಕಹಿ ಇಳಿಯುತ್ತದೆ. ರಸ ಬೇಗ ಕೆಡುವುದೂ ಇಲ್ಲ. ಆರಿದ ಮೇಲೆ ಯೀಸ್ಟನ್ನು ಬೆರೆಸಿದರೆ, ಅದು ಸಕ್ಕರೆಯನ್ನು ತಿಂದು ಮದ್ಯಸಾರವನ್ನೂ ನೊರೆಯೆಬ್ಬಿಸುವ ಅನಿಲವನ್ನೂ ಬಿಡುತ್ತದೆ. ಇದರಲ್ಲಿ ನೆನೆಸುವುದು, ಮೊಳಕೆ ಬರಿಸುವುದು, ಒಣಗಿಸುವುದು ಎಂಬ ಮೊದಲ ಮೂರು ಕೆಲಸಗಳನ್ನು ಹುಬ್ಬು ಗಂಟಿಕ್ಕಿದ ತಾಯಂದಿರೇ ಎಷ್ಟೋ ಸಲ ಮಾಡಿದ್ದಾರೆ. ಹಾಲು ಬಿಡುವ ಕೂಸಿಗೆ ರಾಗಿಯ ಸರಿ ಮಾಡುವ ಕ್ರಮ ಇದೇ ಅಲ್ಲವೆ? ಅದೇ ರಾಗಿಯನ್ನು ಸಿಕ್ಕಿಮಿನ ಜನರು ಹುದುಗಿಸಿ, ಬಿಸಿನೀರೆರೆದು, ಬಿದಿರಿನ ಕೊಳವೆಯಿಂದ ಹೀರುತ್ತಾರೆ. ಅದಕ್ಕೆ ತೋಂಗ್ಬಾ ಎಂದು ಹೆಸರು. ನಾವು ಮುದ್ದೆ ಕಟ್ಟಿ ನುಂಗುತ್ತೇವೆ. ಧಾನ್ಯ ಒಂದೇ, ದೇಶಾಚಾರ ಬೇರೆ.

ಕನ್ನಡ ಶಾಲೆಯ ವಿಜ್ಞಾನದ ಪುಸ್ತಕದಲ್ಲಿ ಮಕ್ಕಳು ‘ಕಿಣ್ವ’ ಎಂಬ ಶಬ್ದವನ್ನು ಓದುತ್ತಾರೆ. ಆಹಾರವನ್ನು ಜೀರ್ಣಿಸುವ ಸತ್ವಕ್ಕೆ ಅಲ್ಲಿ ಆ ಹೆಸರು. ಆದರೆ ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಕಿಣ್ವವೆಂದರೆ ಸುರೆಯನ್ನು ಹುಳಿಯಿಸುವ ಹೆಪ್ಪು. ಸುರಾಧ್ಯಕ್ಷನ ಅಧ್ಯಾಯದಲ್ಲಿ ಆತನು ‘ಮೇದಕ’ವೆಂಬ ಅಕ್ಕಿಯ ಮದ್ಯಕ್ಕೆ ಅಳತೆ ಹೇಳುತ್ತಾನೆ: 1 ದ್ರೋಣ ನೀರು, ಅರ್ಧ ಆಢಕ ಅಕ್ಕಿ, 3 ಪ್ರಸ್ಥ ಕಿಣ್ವ. ಆ ಕಿಣ್ವಕ್ಕೆ ಬೇಕಾದ ಮುಖ್ಯ ಸಾಮಗ್ರಿಗಳಾದರೋ ಉದ್ದು ಮತ್ತು ಅಕ್ಕಿ! ರಾತ್ರಿ ರುಬ್ಬಿಟ್ಟ ಇಡ್ಲಿಯ ಹಿಟ್ಟು ಬೆಳಗಿನ ಜಾವದಲ್ಲಿ ಮುಚ್ಚಳವನ್ನು ಎತ್ತಿ ಹೊರಕ್ಕೆ ಇಣುಕುವಾಗ, ಅದು ಯಾರ ನೆಂಟನೆಂದು ಇನ್ನು ಮೇಲೆ ತಾವು ಊಹಿಸಬಹುದು. ಉತ್ಸವ ಯಾತ್ರೆಗಳ ಕಾಲದಲ್ಲಿ ನಾಲ್ಕು ದಿನಗಳ ಮಟ್ಟಿಗೆ ಜನರಿಗೆ ಸುರೆಯ ವಿಷಯದಲ್ಲಿ ಸಡಿಲಿಕೆ ಕೊಡಬೇಕೆಂದೂ ಕೌಟಿಲ್ಯನು ಬರೆದಿದ್ದಾನೆ. ಮಿಕ್ಕ ದಿನಗಳ ಸುಂಕವನ್ನು ಮಾತ್ರ ಆತ ಬಿಟ್ಟವನಲ್ಲ.

ಇನ್ನೂ ಹಿಂದಕ್ಕೆ ಹೋದರೆ, ಇಂದಿನ ಇರಾಕ್ ದೇಶದಲ್ಲಿದ್ದ ಸುಮೇರಿಯದ ಜನರು ಬೀರಿಗೆ ನಿನ್‌ಕಾಸಿ ಎಂಬ ದೇವಿಯನ್ನೇ ಇಟ್ಟುಕೊಂಡಿದ್ದರು. ಕ್ರಿಸ್ತಪೂರ್ವ 1800ರ ಸುಮಾರಿನ ಆಕೆಯ ಸ್ತೋತ್ರದಲ್ಲಿ ಬೀರು ಮಾಡುವ ಕ್ರಮವೇ ಅಡಗಿದೆ. ಆ ನಾಡಿನ ಹಮ್ಮುರಾಬಿ ಅರಸನ ಶಾಸನವು ಬೆಲೆಯಲ್ಲಿ ಮೋಸ ಮಾಡಿದ ಪಾನಗೃಹದ ಒಡತಿಯನ್ನು ನೀರಿಗೆ ಎಸೆಯಬೇಕೆಂದು ವಿಧಿಸಿತು. ಬೀರಿಗೆ ನೀರು ಬೆರೆಸುವವರು ಈ ಭೂಮಿಯಲ್ಲಿ ಇಂದಿಗೂ ಇದ್ದಾರೆ. ಅವರನ್ನೇ ನೀರಿಗೆ ಬೆರೆಸುವ ಅರಸರು ಮಾತ್ರ ಇಲ್ಲ.

ಇಲ್ಲಿಂದ ಸಾವಿನ ಮಾತಿಗೆ ಬರೋಣ. ಪ್ರಾಚೀನ ಈಜಿಪ್ಟಿನವರು ಸತ್ತವರಿಗೆ ರೊಟ್ಟಿ ಬೀರುಗಳು ಸಾವಿರ ಸಾವಿರವಾಗಿ ದೊರೆಯಲೆಂದು ಸಮಾಧಿಯ ಮೇಲೆ ಪ್ರಾರ್ಥನೆಯನ್ನು ಕೆತ್ತಿಸುತ್ತಿದ್ದರು. ಶ್ರೀಮಂತರ ಗೋರಿಯೊಳಗೆ ಬೀರು ಕಾಯಿಸುವ ಆಳುಗಳ ಮರದ ಗೊಂಬೆಗಳನ್ನೂ ಇಡುತ್ತಿದ್ದರು. ಇದನ್ನು ಕೇಳಿ ನಾವು ನಗಬೇಕಾಗಿಲ್ಲ. ನಮ್ಮ ಸೀಮೆಯ ಅನೇಕ ಮನೆಗಳಲ್ಲಿ ಹಾಲುತುಪ್ಪದ ದಿನ, ಮಹಾಲಯ ಅಮಾವಾಸ್ಯೆಯ ದಿನ, ಎಡೆಯಲ್ಲಿ ಏನೇನು ಇಡುತ್ತಾರೆಂಬುದು ತಮಗೆ ತಿಳಿದದ್ದೇ. ಬೀಡಿಯ ಕಟ್ಟು, ಎಲೆಯಡಿಕೆ, ಜೊತೆಗೆ ತೀರಿಕೊಂಡವರಿಗೆ ಪ್ರಿಯವಾದ ಪಾನೀಯ. ಹಿಂದೆ ಅದು ಈಚಲ ಹೆಂಡದ ಗಡಿಗೆಯಾಗಿತ್ತು. ಈಗ ಅದರ ಸ್ಥಾನದಲ್ಲಿ ಬೀರಿನ ಬಾಟಲಿಯೂ ಬಂದು ಕುಳಿತಿರುತ್ತದೆ. ಬದುಕಿದ್ದಾಗ ಯಾವ ಬಾಟಲಿಗಾಗಿ ಮನೆಯೊಡತಿ ಬಾಗಿಲು ತೆರೆಯದೆ ಹೋದಳೋ, ಸತ್ತ ಮೇಲೆ ಅದೇ ಬಾಟಲಿಗೆ ಕುಂಕುಮವಿಟ್ಟು ಕೈ ಮುಗಿಯುತ್ತಾಳೆ. ಕಾಗೆ ಅದನ್ನು ಮುಟ್ಟುವುದಿಲ್ಲ. ಆದರೂ ಸಂಜೆಯ ಹೊತ್ತಿಗೆ ಬಾಟಲಿ ಬರಿದಾಗಿರುತ್ತದೆ. ಅಳಿಯಂದಿರು ಪಿತೃಗಳ ಪ್ರತಿನಿಧಿಗಳೆಂಬ ಧರ್ಮಸೂಕ್ಷ್ಮವನ್ನು ಇದರಿಂದ ತಿಳಿಯಬಹುದು.

ಸಾವು ಬೀರನ್ನು ಹುಡುಕಿಕೊಂಡು ಹೋಗುವಂತೆ, ಬೀರೂ ಒಮ್ಮೆ ಸಾವಿನ ಮನೆಯನ್ನು ಹುಡುಕಿಕೊಂಡು ಹೋಯಿತು. 1814ರ ಅಕ್ಟೋಬರ್ 17ರಂದು ಲಂಡನ್ನಿನ ಒಂದು ಬೀರಿನ ಕಾರ್ಖಾನೆಯಲ್ಲಿ 22 ಅಡಿ ಎತ್ತರದ ಪೀಪಾಯಿ ಒಡೆದು, ಬಡವರ ಕೇರಿಗೆ ಬೀರಿನ ಪ್ರವಾಹ ನುಗ್ಗಿತು. ಎಂಟು ಮಂದಿ ಸತ್ತರು. ಅವರಲ್ಲಿ ಐವರು, ತೀರಿಹೋದ ಒಂದು ಮಗುವಿಗಾಗಿ ನೆಲಮಾಳಿಗೆಯಲ್ಲಿ ಸೇರಿ ಅಳುತ್ತಿದ್ದವರು. ಅದು ಆಕಸ್ಮಿಕವೆಂದು ತೀರ್ಪಾಯಿತು. ಹರಿದುಹೋದ ಬೀರಿನ ಮೇಲಿನ ಸುಂಕ ಮಾಲೀಕರಿಗೆ ಹಿಂದಕ್ಕೆ ಬಂದಿತು. ಹರಿದುಹೋದ ಪ್ರಾಣಕ್ಕೆ ಹಿಂದಕ್ಕೆ ಕೊಡುವ ಖಾತೆ ಯಾವ ಸರ್ಕಾರದಲ್ಲಿಯೂ ಇಲ್ಲ.

ನಮ್ಮ ಸಮೀಪದ ಬೆಂಗಳೂರಿಗೆ ಬೀರನ್ನು ತಂದದ್ದು ದಂಡಿನ ಬಿಳಿಯ ಸಿಪಾಯಿಗಳ ಬಾಯಾರಿಕೆ. 1915ರಲ್ಲಿ ಥಾಮಸ್ ಲೀಷ್‌ಮನ್ ಎಂಬ ಸ್ಕಾಟ್ಲೆಂಡಿನವನು ದಕ್ಷಿಣದ ಐದು ಬೀರಿನ ಕಾರ್ಖಾನೆಗಳನ್ನು ಒಂದುಗೂಡಿಸಿ ಯುನೈಟೆಡ್ ಬ್ರೂಯರೀಸ್ ಸಂಸ್ಥೆಯನ್ನು ಕಟ್ಟಿದನು. ಸ್ವಾತಂತ್ರ್ಯ ಬಂದ 1947ರಲ್ಲಿಯೇ ಬಂಟ್ವಾಳದ ಮನೆತನದ ವಿಠಲ ಮಲ್ಯರು ಅದರ ಮೊದಲ ಭಾರತೀಯ ನಿರ್ದೇಶಕರಾದರು. ಆಂಗ್ಲರು ಹೊರಟುಹೋದರು, ಬಾಯಾರಿಕೆ ಇಲ್ಲಿಯೇ ಉಳಿಯಿತು.

ಆದರೆ ನಮ್ಮ ಸೀಮೆಯ ನಿಜವಾದ ಬೀರು ಈಚಲ ಹೆಂಡವೇ. ಮಳೆ ಕಡಿಮೆಯಾದ ಈ ನೆಲದಲ್ಲಿ ಹಳ್ಳದ ದಂಡೆಯ ಈಚಲು ಎಷ್ಟೋ ಸಂಸಾರಗಳಿಗೆ ಅನ್ನ ಕೊಟ್ಟಿದೆ. ಹನ್ನೆರಡನೆಯ ಶತಮಾನದ ಶರಣರ ಸಭೆಯಲ್ಲಿ ಹೆಂಡದ ಮಾರಯ್ಯನಿಗೂ ಪೀಠವಿತ್ತು. ‘ಧರ್ಮೇಶ್ವರಲಿಂಗ’ ಎಂಬ ಅಂಕಿತದಲ್ಲಿ ಆತನು ತನ್ನ ಕಸುಬಿನ ಮಾತುಗಳಿಂದಲೇ ವಚನಗಳನ್ನು ರಚಿಸಿದನು. ಕಸುಬನ್ನು ಹಳಿಯದೆ ಮದವನ್ನು ಹಳಿದ ದೊಡ್ಡ ಮನಸ್ಸು ಅದು.

ಮದ್ಯದ ಇನ್ನೊಂದು ಮುಖವನ್ನು ಮರೆಸಿ ನಗುವುದು ಸಲ್ಲದು. 1981ರಲ್ಲಿ ಬೆಂಗಳೂರಿನಲ್ಲಿ ವಿಷ ಬೆರೆತ ಅಗ್ಗದ ಮದ್ಯವನ್ನು ಕುಡಿದು ನೂರಾರು ಬಡವರು ಪ್ರಾಣ ಬಿಟ್ಟರು. 1992ರಲ್ಲಿ ನೆಲ್ಲೂರು ಜಿಲ್ಲೆಯ ದೂಬಗುಂಟದ ಹೆಣ್ಣುಮಕ್ಕಳು ಸಾರಾಯಿಯ ವಿರುದ್ಧ ಎದ್ದು ನಿಂತರು. ಅವರ ಕಣ್ಣೀರಿನ ಫಲವಾಗಿ, ನಮ್ಮ ಹಿಂದೂಪುರದಿಂದಲೇ ಶಾಸಕರಾಗಿದ್ದ ಮುಖ್ಯಮಂತ್ರಿ ಎನ್. ಟಿ. ರಾಮರಾಯರು 1995ರ ಜನವರಿಯಲ್ಲಿ ಪೂರ್ಣ ಪಾನನಿಷೇಧವನ್ನು ತಂದರು. 1997ರಲ್ಲಿ ಅದು ಸಡಿಲವಾಯಿತು. ಆ ನಡುವಣ ಕಾಲದಲ್ಲಿ ನಾವು ವಿದ್ಯಾರ್ಥಿಗಳು. ಗೌರಿಬಿದನೂರಿನ ಕಡೆಗೆ ಹೋಗುವ ಗಾಡಿಯಲ್ಲಿ ಸಂಜೆಯ ಹೊತ್ತು ಕರ್ನಾಟಕಾಭಿಮಾನಿಗಳು ಕಿಕ್ಕಿರಿದಿರುತ್ತಿದ್ದರು. ನಾಡು ನುಡಿಗಳಿಗಾಗಿ ಒಮ್ಮೆಯೂ ಗಡಿ ದಾಟದವರು ಒಂದು ಬಾಟಲಿಗಾಗಿ ದಿನವೂ ದಾಟಿದರು. ಮರಳಿ ಬರುವಾಗ ಅವರ ಬಾಯಲ್ಲಿ ಕನ್ನಡ ತಾನಾಗಿ ಹೊರಡುತ್ತಿತ್ತೆಂಬುದನ್ನೂ ನ್ಯಾಯವಾಗಿ ಹೇಳಬೇಕು.

ಇದಕ್ಕೆ ಕಾವ್ಯದ ಪ್ರಮಾಣವೂ ಉಂಟು. ಜಿ. ಪಿ. ರಾಜರತ್ನಂ ಅವರು ಸೃಷ್ಟಿಸಿದ ಕುಡುಕ ರತ್ನನು ಹೆಂಡ, ಹೆಂಡತಿ, ಕನ್ನಡಪದಗಳೆಂದರೆ ಪ್ರಾಣ ಬಿಡುವವನು. ಅವುಗಳಲ್ಲಿ ಮಿಕ್ಕವು ಹೋದರೂ ಹೋಗಲಿ ಎಂದಾನು. ನರಕಕ್ಕೆ ಇಳಿದರೂ ಕನ್ನಡವನ್ನು ಮಾತ್ರ ಬಿಡೆನೆನ್ನುತ್ತಾನೆ. ಈ ರತ್ನನನ್ನು ಸೃಷ್ಟಿಸಿದ ರಾಜರತ್ನಂ ಅವರು ಸ್ವತಃ ಹೆಂಡ ಮುಟ್ಟಿದವರಲ್ಲ, ಕನ್ನಡ ಕಲಿಸುವ ಮೇಷ್ಟರು. ಕುಡಿಯದ ಮೇಷ್ಟರೊಬ್ಬರು ಕುಡುಕನ ಬಾಯಿಂದ ಈ ಮಾತನ್ನು ಆಡಿಸಿದರೇಕೆ? ಅಮಲಿನಲ್ಲಿಯೂ ಉಳಿಯುವ ನುಡಿಯೇ ನಿಜವಾದ ತಾಯ್ನುಡಿ ಎಂಬುದನ್ನು ಅವರು ಬಲ್ಲವರಾಗಿದ್ದರು.

ನಾಲಗೆಗೆ ದೇವರು ಕೊಟ್ಟ ಕೆಲಸ ಎರಡು: ರುಚಿ ನೋಡುವುದು, ಮಾತನಾಡುವುದು. ತೀರಿಹೋದ ಹಿರಿಯರ ಮೊದಲನೆಯ ಸುಖವನ್ನು ನಾವು ತಪ್ಪದೆ ನೆನೆದು ಎಡೆಯಲ್ಲಿ ಇಡುತ್ತೇವೆ. ಎರಡನೆಯದರ ಗತಿಯೇನು? ಆಯುಷ್ಯವೆಲ್ಲ ಕನ್ನಡವಾಡಿದ ಅಜ್ಜನ ಪುಣ್ಯತಿಥಿಯ ಕಾಗದವು ತೆಲುಗಿನಲ್ಲಿ ಅಚ್ಚಾಗಿ ಬಂದುದನ್ನು ನಾವು ಹಲವು ಮನೆಗಳಲ್ಲಿ ಕಂಡಿದ್ದೇವೆ. ತೆಲುಗು ನಮ್ಮ ನೆರೆಯ ನುಡಿ, ಅನ್ನದ ನುಡಿ. ಅದರ ಮೇಲೆ ನಮಗೆ ಮುನಿಸಿಲ್ಲ. ಆದರೆ ಅಜ್ಜನಿಗೆ ಅಜ್ಜನ ಅಕ್ಷರದಲ್ಲಿ ಎರಡು ಸಾಲು ಬರೆಯಲು ಮೊಮ್ಮಗನಿಗೆ ಬಾರದಿದ್ದರೆ ಅದು ತೆಲುಗಿನ ತಪ್ಪಲ್ಲ, ನಮ್ಮ ಮನೆಗಳ ಬಡತನ. ಕನ್ನಡ ಶಾಲೆಯ ಒಂದು ತರಗತಿ ಮುಚ್ಚುವುದೆಂದರೆ ಇದೇ ಅರ್ಥ.

ನಾವೂ ಒಂದು ದಿನ ಹೋಗತಕ್ಕವರೇ. ನಮ್ಮ ಹೆಸರಿನಲ್ಲಿಯೂ ಎಡೆ ಬೀಳುವುದು. ಅದರಲ್ಲಿ ಬೀರಿಡುವರೋ ಮಜ್ಜಿಗೆಯಿಡುವರೋ ಮಕ್ಕಳ ಇಷ್ಟ. ಅಳಿಯಂದಿರು ಇದ್ದೇ ಇರುತ್ತಾರೆ. ಆದರೆ ‘ಬಾ ತಾತ, ಉಣ್ಣು’ ಎಂದು ಕನ್ನಡದಲ್ಲಿ ಕರೆಯುವ ಒಂದು ಮಗುವಾದರೂ ಅಲ್ಲಿ ಇರಲಿ. ಬೇರೆ ನುಡಿಯಲ್ಲಿ ಕರೆದರೆ, ನೆರೆಮನೆಯವರನ್ನು ಕರೆದರೆಂದು ತಿಳಿದು, ಸಂಕೋಚದಿಂದ ನಾವು ಬಾಗಿಲಲ್ಲಿಯೇ ನಿಂತುಬಿಟ್ಟೇವು.

 ಸಿರಿಗನ್ನಡಂ ಗೆಲ್ಗೆ.