ಗೆಲುವಿಗೆ ಮುಂಚಿನ ಪಟಾಕಿ

ದೊಡ್ಡ ಪಂದ್ಯದ ದಿನ ಹೊರ್ತಿಯ ಚಹಾದ ಅಂಗಡಿಯಲ್ಲಿ ಕುಳಿತರೆ ಒಂದು ಮಾತು ಬೆಳಿಗ್ಗೆಯೇ ಕೇಳುತ್ತದೆ: “ಇವತ್ತ ನಮ್ದೇ ಬಿಡ್ರೀ!” ಆ ಹುರುಪು ನನಗೂ ಇಷ್ಟ. ಆದರೆ ಅದನ್ನು ಕೇಳಿದಾಗಲೆಲ್ಲ ಮೈಸೂರಿನ ಗಂಗೋತ್ರಿ ಮೈದಾನ ನೆನಪಾಗುತ್ತದೆ.

2010ರ ಜನವರಿ. ರಣಜಿ ಫೈನಲ್. ಎದುರಾಳಿ ಮುಂಬೈ. ಮೊದಲ ಇನ್ನಿಂಗ್ಸಿನಲ್ಲಿ ಬರೀ 130ಕ್ಕೆ ಕುಸಿದಿದ್ದ ಕರ್ನಾಟಕಕ್ಕೆ ಗೆಲ್ಲಲು 338 ರನ್ ಬೇಕಿತ್ತು. ಮನೀಶ್ ಪಾಂಡೆ, ಗಣೇಶ್ ಸತೀಶ್ ಜೊತೆಯಾಗಿ 209 ರನ್ ಕೂಡಿಸಿದರು. ಪಾಂಡೆಯವರದು 144. ಎಂಥ ಆಟ ಅದು! ಕಪ್ ಕೈಗೆ ಬಂದಂತೆಯೇ ಇತ್ತು.

ಆದರೆ ಮುಂಬೈ ಆಟ ಬಿಡಲಿಲ್ಲ. ಅಜಿತ್ ಅಗರ್ಕರ್ 5 ವಿಕೆಟ್ ಕಿತ್ತರು. ನಮ್ಮವರು 331ಕ್ಕೆ ನಿಂತರು. ಸೋಲು ಕೇವಲ 6 ರನ್ನಿನದು.

ಎದುರಿನವರೂ ಗೆಲ್ಲಲೆಂದೇ ಬಂದಿರುತ್ತಾರೆ. ಅಭಿಮಾನದ ಭರದಲ್ಲಿ ನಾವು ಮರೆಯುವುದು ಇದನ್ನೇ. ಎದುರಾಳಿಯ ಬಲವನ್ನು ಒಪ್ಪಿಕೊಂಡವನಿಗೆ ತನ್ನ ತಂಡದ ಮೇಲಿನ ಪ್ರೀತಿ ಕಡಿಮೆಯಾಗುವುದಿಲ್ಲ. ಸೋತ ಸಂಜೆಯೂ ಅವನು ಆಟಗಾರರನ್ನು ಬೈಯದೆ ಚಪ್ಪಾಳೆ ತಟ್ಟಬಲ್ಲ.

ಇಂದು ಪಂದ್ಯ ನೋಡುವ ಗೆಳೆಯರೇ, ಮನಸಾರೆ ಕೂಗಿರಿ. ಪಟಾಕಿ ಮಾತ್ರ ಕೊನೆಯ ಎಸೆತದವರೆಗೆ ಡಬ್ಬಿಯಲ್ಲೇ ಇರಲಿ.