ಕೈಯಲ್ಲಿ ಉಳಿದ ಒಂದು ನಡೆ

ಊರಿನಲ್ಲಿ ಚದುರಂಗ ಬಲ್ಲವರೆಂದು ಹೆಸರಾದವರೂ ಮೊದಲ ಸಲ ಪಂದ್ಯಾವಳಿಗೆ ಹೋದಾಗ ತಬ್ಬಿಬ್ಬಾಗುವುದುಂಟು. ಜಗಲಿಯ ಆಟದಲ್ಲಿ ಆಡುವವರು ಇಬ್ಬರು, ಆಡಿಸುವವರು ಹತ್ತು ಮಂದಿ. ಇಟ್ಟ ಕಾಯಿಯನ್ನು ಹಿಂದಕ್ಕೆ ತೆಗೆದುಕೊಂಡರೂ ಯಾರೂ ಮುನಿಯುವುದಿಲ್ಲ. ಪಂದ್ಯದಲ್ಲಾದರೋ ಮುಟ್ಟಿದ ಕಾಯಿಯನ್ನು ನಡೆಸಲೇಬೇಕು, ಪಕ್ಕದಲ್ಲಿ ಗಡಿಯಾರ ಓಡುತ್ತಿರುತ್ತದೆ, ನಡೆಗಳನ್ನು ಬರೆದಿಡಬೇಕು. ಹಳೆಯ ದೇಶೀ ಕ್ರಮದಲ್ಲಿ ಒಂದೇ ಮನೆ ನಡೆಯುತ್ತಿದ್ದ ಕಾಲಾಳು ಇಲ್ಲಿ ಮೊದಲ ಸಲ ಎರಡು ಮನೆ ಹಾರಬಹುದು.

ನಮ್ಮ ನಾಡಿಗೆ ಈ ವಿದ್ಯೆ ಹೊಸದಲ್ಲ. ಕುದುರೆಯನ್ನು ಅರವತ್ತನಾಲ್ಕು ಮನೆಗಳಲ್ಲೂ ಒಂದೊಂದೇ ಸಲ ಸುತ್ತಿಸುವ ಬಂಧಗಳನ್ನು ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ರಚಿಸಿದ್ದರು. ಅದೇ ಮೈಸೂರಿನ ತೇಜ್‌ಕುಮಾರರು 2017ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು. ಆದರೆ ನಾನು ಹೇಳಹೊರಟದ್ದು ಸಾಮಾನ್ಯ ಆಟಗಾರರ ಮಾತು.

ದಾಂಡೇಲಿಯ ಕಾಗದದ ಕಾರ್ಖಾನೆಯವರೊಬ್ಬರು, ಹಳಿಯಾಳದ ಮೇಷ್ಟರೊಬ್ಬರು ಎದುರುಬದುರು ಕುಳಿತಿದ್ದಾರೆಂದು ಇಟ್ಟುಕೊಳ್ಳೋಣ. ಮೂರು ಗಂಟೆ ಕಳೆದಿದೆ. ಆನೆ, ಕುದುರೆ, ಒಂಟೆಗಳೆಲ್ಲ ಪೆಟ್ಟಿಗೆ ಸೇರಿವೆ. ಮನೆಯಲ್ಲಿ ಹಾಸು ಇದ್ದವರು ಕಾಯಿ ಇಟ್ಟು ನೋಡಿ: ದಾಂಡೇಲಿಯವರ ಬಿಳಿಯ ರಾಜ ತನ್ನ ಕಡೆಯಿಂದ ಐದನೆಯ ಮನೆಯಲ್ಲಿ, ಅದೇ ಸಾಲಿನ ಏಳನೆಯ ಮನೆಯಲ್ಲಿ ಮೇಷ್ಟರ ಕಪ್ಪು ರಾಜ. ಬಿಳಿಯರಿಗೆ ಅದೇ ಸಾಲಿನಲ್ಲಿ ಒಂದು ಕಾಲಾಳು ಹೆಚ್ಚು. ನಡೆ ಬಿಳಿಯರದು.

ಕಾಲಾಳು ನಾಲ್ಕನೆಯ ಮನೆಗೆ ಆಗಲೇ ಬಂದುಬಿಟ್ಟಿದ್ದರೆ ಆಟ ಸಮ. ಬಿಳಿಯ ರಾಜ ಯಾವ ಪಕ್ಕಕ್ಕೆ ಸರಿದರೂ ಕಪ್ಪು ರಾಜ ಅದೇ ಪಕ್ಕಕ್ಕೆ ಸರಿದು ಎದುರು ನಿಲ್ಲುತ್ತಾನೆ. ಕಾಲಾಳನ್ನು ಮುಂದೆ ತಳ್ಳುತ್ತ ಹೋದರೆ ಕೊನೆಗೆ ಕಪ್ಪು ರಾಜನಿಗೆ ಶಹವೂ ಇಲ್ಲ, ನಡೆಯಲು ಮನೆಯೂ ಇಲ್ಲ. ಇಬ್ಬರಿಗೂ ಅರ್ಧರ್ಧ ಅಂಕ. ಒಂದು ಕಾಲಾಳು ಹೆಚ್ಚಿದ್ದೂ ಅರ್ಧ ಅಂಕ! ಮಂತ್ರಿ ಮಾಡುವ ಆತುರಕ್ಕೆ ಬಿದ್ದವರಿಗೆ ಇದು ಬಹು ಸಲ ಆಗುತ್ತದೆ.

ಅದೇ ಕಾಲಾಳು ಮೂರನೆಯ ಮನೆಯಲ್ಲೇ ತಡೆದು ನಿಂತಿದ್ದರೆ? ಆಗ ಬಿಳಿಯರ ಕೈಯಲ್ಲಿ ಒಂದು ನಡೆ ಉಳಿದಿದೆ. ರಾಜನನ್ನು ಅಲುಗಿಸದೆ ಕಾಲಾಳನ್ನು ಒಂದು ಮನೆ ಸರಿಸಿದರಾಯಿತು, ಸರಿಯಬೇಕಾದ ಸರದಿ ಈಗ ಮೇಷ್ಟರದು. ಕಪ್ಪು ರಾಜ ಒಂದು ಪಕ್ಕಕ್ಕೆ ಹೋದರೆ ಬಿಳಿಯ ರಾಜ ಇನ್ನೊಂದು ಪಕ್ಕದಿಂದ ಆರನೆಯ ಮನೆಗೆ ನುಗ್ಗುತ್ತಾನೆ. ಹಿಂದೆ ಸರಿದರೆ ಎದುರಿಗೇ ಬರುತ್ತಾನೆ. ಕಾಲಾಳಿಗೆ ದಾರಿ ಬಿಡುಗಡೆ.

ಮೇಷ್ಟರು ಇನ್ನೆರಡು ನಡೆ ಲೆಕ್ಕ ಹಾಕುತ್ತಾರೆ, ಗಡಿಯಾರ ನಿಲ್ಲಿಸಿ ಕೈ ಚಾಚುತ್ತಾರೆ.