ತೆರೆದ ವೇದಿಕೆ ಯಾರ ಉಪಕಾರವೂ ಅಲ್ಲ



ಈ ಸಮ್ಮೇಳನದ ಅಧ್ಯಕ್ಷತೆಯನ್ನು ನನಗೆ ವಹಿಸಿದ್ದೀರಿ. ಈ ಅವಕಾಶದಲ್ಲಿ ಒಂದೇ ವಿಷಯವನ್ನು ನಿಮ್ಮ ಮುಂದಿಡಬಯಸುತ್ತೇನೆ.

ಒಮ್ಮೆ ಬರೆದ ತಂತ್ರಾಂಶ ಯಾವ ಗಣಕದಲ್ಲಾದರೂ ನಡೆಯಬೇಕು ಎಂಬುದು ನಮ್ಮೆಲ್ಲರ ಬಯಕೆ. ಇದಕ್ಕೆ ಬೇಕಾದ ತಂತ್ರಜ್ಞಾನ ಮೂವತ್ತು ವರ್ಷಗಳ ಹಿಂದೆಯೇ ಕೈಗೆ ಬಂದಿತ್ತು. ಆದರೆ ಮಾರುಕಟ್ಟೆಯನ್ನು ಹಿಡಿತದಲ್ಲಿಟ್ಟುಕೊಂಡಿದ್ದ ಒಂದು ಕಂಪನಿ ಅದಕ್ಕೆ ಅಡ್ಡ ನಿಂತಿತು. ಇದು ಅಮೆರಿಕದ ನ್ಯಾಯಾಲಯದಲ್ಲಿ ವಿಚಾರಣೆಯಾಗಿ ಸಾಬೀತಾದ ಸಂಗತಿ. ಇಲ್ಲಿ ಕುಳಿತಿರುವ ಎಳೆಯರು ಇದನ್ನು ತಿಳಿದಿರಬೇಕು.

1995ರ ಮೇ 23ರಂದು ಸನ್ ಮೈಕ್ರೋಸಿಸ್ಟಮ್ಸ್ ಜಾವಾವನ್ನು ಲೋಕಕ್ಕೆ ಪ್ರಕಟಿಸಿತು. ಜೇಮ್ಸ್ ಗಾಸ್ಲಿಂಗ್ ಮತ್ತು ಸಂಗಡಿಗರು ರೂಪಿಸಿದ ಆ ಭಾಷೆಯಲ್ಲಿ ಬರೆದ ಪ್ರೋಗ್ರಾಂ ನೇರವಾಗಿ ವಿಂಡೋಸ್‌ಗೋ ಮ್ಯಾಕ್‌ಗೋ ಸೇರಿದ್ದಲ್ಲ. ಅದು ಬೈಟ್‌ಕೋಡ್ ಎಂಬ ಮಧ್ಯಂತರ ರೂಪಕ್ಕೆ ಬದಲಾಗುತ್ತದೆ. ಆಯಾ ಆಪರೇಟಿಂಗ್ ಸಿಸ್ಟಂನಲ್ಲಿರುವ ಜಾವಾ ವರ್ಚುವಲ್ ಮಷೀನ್ ಅದನ್ನು ಓದಿ ನಡೆಸುತ್ತದೆ. ನೆಟ್‌ಸ್ಕೇಪ್ ಕಂಪನಿಯ ನ್ಯಾವಿಗೇಟರ್ ಬ್ರೌಸರ್ ಈ ಜಾವಾವನ್ನು ಹೊತ್ತು ಲಕ್ಷಾಂತರ ಮೇಜುಗಳಿಗೆ ತಲುಪಿಸತೊಡಗಿತು.

ಅದೇ ವಾರ, ಮೇ 26ರಂದು, ಮೈಕ್ರೋಸಾಫ್ಟ್‌ನ ಬಿಲ್ ಗೇಟ್ಸ್ ತಮ್ಮ ಅಧಿಕಾರಿಗಳಿಗೆ ಅಂತರಜಾಲದ ಬಗ್ಗೆ ಒಂದು ದೀರ್ಘ ಟಿಪ್ಪಣಿ ಕಳಿಸಿದರು. ನೆಟ್‌ಸ್ಕೇಪ್ ಎಲ್ಲ ವೇದಿಕೆಗಳಲ್ಲೂ ನಡೆಯುತ್ತಾ, ಕೆಳಗಿರುವ ಆಪರೇಟಿಂಗ್ ಸಿಸ್ಟಂ ಯಾವುದಾದರೇನು ಎನ್ನುವ ಸ್ಥಿತಿ ತರಲು ಹೊರಟಿದೆ ಎಂಬ ಆತಂಕ ಅದರಲ್ಲಿತ್ತು.

ಆ ಆತಂಕಕ್ಕೆ ಕಾರಣವಿತ್ತು. ಇಂಟೆಲ್ ಮಾದರಿಯ ಪಿಸಿಗಳ ಆಪರೇಟಿಂಗ್ ಸಿಸ್ಟಂ ಮಾರುಕಟ್ಟೆಯಲ್ಲಿ ವಿಂಡೋಸ್ ಪಾಲು ಶೇ. 95ಕ್ಕಿಂತ ಹೆಚ್ಚಾಗಿತ್ತು. ಜನ ವಿಂಡೋಸ್ ಕೊಳ್ಳುತ್ತಿದ್ದುದು ಅದರಲ್ಲಿ ಸಾವಿರಾರು ತಂತ್ರಾಂಶಗಳು ನಡೆಯುತ್ತವೆಂದು. ತಯಾರಕರು ವಿಂಡೋಸ್‌ಗೇ ಬರೆಯುತ್ತಿದ್ದುದು ಜನರೆಲ್ಲ ಅಲ್ಲಿದ್ದಾರೆಂದು. ಹೊಸದೊಂದು ಆಪರೇಟಿಂಗ್ ಸಿಸ್ಟಂ ಎಷ್ಟೇ ಚೆನ್ನಾಗಿದ್ದರೂ ಈ ಸುತ್ತು ಕೋಟೆಯನ್ನು ದಾಟಿ ಒಳಬರಲಾಗುತ್ತಿರಲಿಲ್ಲ. ಜಾವಾ ಆ ಕೋಟೆಯ ಬುಡಕ್ಕೇ ಕೈ ಹಾಕಿತ್ತು.

ಮೈಕ್ರೋಸಾಫ್ಟ್ 1996ರಲ್ಲಿ ಸನ್‌ನಿಂದ ಜಾವಾ ಪರವಾನಗಿ ಪಡೆಯಿತು. ಮುಂದೆ ಮಾಡಿದ್ದನ್ನು ಸ್ವಲ್ಪ ಹತ್ತಿರದಿಂದ ನೋಡೋಣ. ಜಾವಾ ಪ್ರೋಗ್ರಾಂ ಬರೆಯಲು ಅದು ವಿಷುಯಲ್ ಜೆ ಪ್ಲಸ್ ಪ್ಲಸ್ ಎಂಬ ಸಾಧನ ಕೊಟ್ಟಿತು. ಅದರೊಳಗೆ ತನ್ನದೇ ಕೆಲವು ಕೀವರ್ಡ್‌ಗಳನ್ನೂ ವಿಂಡೋಸ್‌ನ ಒಳಗಿನ ಫಂಕ್ಷನ್‌ಗಳನ್ನು ನೇರ ಕರೆಯುವ ದಾರಿಯನ್ನೂ ಸೇರಿಸಿತು. ಅವನ್ನು ಬಳಸಿ ಬರೆದ ಪ್ರೋಗ್ರಾಂ ಮೈಕ್ರೋಸಾಫ್ಟ್‌ನ ಜಾವಾದಲ್ಲಷ್ಟೇ ಸರಿಯಾಗಿ ನಡೆಯುತ್ತಿತ್ತು. ಎಲ್ಲ ಕಡೆ ನಡೆಯುವ ಜಾವಾ ಬರೆಯುತ್ತಿದ್ದೇವೆಂದು ನಂಬಿದ ಪ್ರೋಗ್ರಾಮರುಗಳು ತಮಗೆ ಅರಿವಿಲ್ಲದೆಯೇ ವಿಂಡೋಸ್‌ಗೆ ಕಟ್ಟುಬಿದ್ದರು. ಜಾವಾಕ್ಕೆ ನೆರವು ನೀಡದಂತೆ ಇಂಟೆಲ್‌ನಂಥ ದೈತ್ಯ ಕಂಪನಿಯ ಮೇಲೂ ಒತ್ತಡ ಬಂತು.

1997ರ ಅಕ್ಟೋಬರ್‌ನಲ್ಲಿ ಸನ್ ಮೈಕ್ರೋಸಾಫ್ಟ್ ವಿರುದ್ಧ ನ್ಯಾಯಾಲಯಕ್ಕೆ ಹೋಯಿತು. 1998ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರವೂ ಹಲವು ರಾಜ್ಯಗಳೂ ಮೊಕದ್ದಮೆ ಹೂಡಿದವು. ಮೈಕ್ರೋಸಾಫ್ಟ್ ಕಂಪನಿಯನ್ನು ಎರಡಾಗಿ ಒಡೆಯಬೇಕೆಂದು ನ್ಯಾಯಾಧೀಶ ಥಾಮಸ್ ಪೆನ್‌ಫೀಲ್ಡ್ ಜಾಕ್ಸನ್ 2000ದಲ್ಲಿ ಆದೇಶಿಸಿದರು. 2001ರ ಜೂನ್‌ನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಆದೇಶವನ್ನು ರದ್ದು ಮಾಡಿತು. ಆದರೆ ಮೈಕ್ರೋಸಾಫ್ಟ್ ತನ್ನ ಏಕಸ್ವಾಮ್ಯವನ್ನು ಕಾನೂನುಬಾಹಿರವಾಗಿ ಉಳಿಸಿಕೊಂಡಿತೆಂಬ ತೀರ್ಮಾನವನ್ನು ಎತ್ತಿಹಿಡಿಯಿತು. ಆ ತೀರ್ಪಿನ ನ್ಯಾಯಬುದ್ಧಿಯನ್ನು ಗಮನಿಸಿ: ಮೈಕ್ರೋಸಾಫ್ಟ್‌ನ ಜಾವಾ ಸನ್‌ನದಕ್ಕಿಂತ ವೇಗವಾಗಿತ್ತು, ಅಂಥದನ್ನು ತಯಾರಿಸಿದ್ದು ತಪ್ಪಲ್ಲ ಎಂದಿತು. ಪ್ರೋಗ್ರಾಮರುಗಳನ್ನು ವಂಚಿಸಿದ್ದು, ಇಂಟೆಲ್ ಅನ್ನು ಬೆದರಿಸಿದ್ದು ತಪ್ಪು ಎಂದಿತು. ಪೈಪೋಟಿಗೂ ಅಡ್ಡಗಾಲಿಗೂ ನಡುವಿನ ಗೆರೆ ಇದೇ.

ಸನ್‌ಗೆ ಮೈಕ್ರೋಸಾಫ್ಟ್‌ನಿಂದ 2001ರಲ್ಲಿ 2 ಕೋಟಿ ಡಾಲರ್, 2004ರ ಒಪ್ಪಂದದಲ್ಲಿ ಸುಮಾರು 200 ಕೋಟಿ ಡಾಲರ್ ಸಿಕ್ಕಿತು. ಅಷ್ಟರಲ್ಲಿ ನ್ಯಾವಿಗೇಟರ್ ಸೋತಾಗಿತ್ತು. ಮೇಜಿನ ಗಣಕದಲ್ಲಿ ಜಾವಾ ಬೇರೂರುವ ಕಾಲವೂ ಮೀರಿತ್ತು. ಸರ್ವರ್‌ಗಳಲ್ಲಿ ಅದು ಬೆಳೆಯಿತು. ಬೆಂಗಳೂರಿನ ಅದೆಷ್ಟೋ ಎಂಜಿನಿಯರುಗಳಿಗೆ ಇಂದಿಗೂ ಅನ್ನ ಕೊಡುತ್ತಿದೆ. ಆದರೆ ಕಳೆದುಹೋದ ವರ್ಷಗಳನ್ನು ಯಾವ ಪರಿಹಾರವೂ ತಂದುಕೊಡಲಿಲ್ಲ.

ಇಂದಿನ ಮೈಕ್ರೋಸಾಫ್ಟ್ ಬೇರೆಯಲ್ಲವೇ ಎಂದು ನೀವು ಕೇಳಬಹುದು. ಬದಲಾಗಿದೆ, ನಿಜ. ನಮ್ಮ ಮಣಿಪಾಲದಲ್ಲಿ ಓದಿದ ಸತ್ಯ ನಾದೆಲ್ಲ 2014ರಲ್ಲಿ ಚುಕ್ಕಾಣಿ ಹಿಡಿದ ಮೇಲೆ ಅದರ ಪ್ರೋಗ್ರಾಮಿಂಗ್ ವೇದಿಕೆಯಾದ ಡಾಟ್‌ನೆಟ್‌ನ ಮುಖ್ಯ ಭಾಗ ಮುಕ್ತ ತಂತ್ರಾಂಶವಾಯಿತು. 2016ರಲ್ಲಿ ಕಂಪನಿ ಮುಕ್ತ ಆಪರೇಟಿಂಗ್ ಸಿಸ್ಟಂ ಲಿನಕ್ಸ್ ಅನ್ನು ಪೋಷಿಸುವ ಲಿನಕ್ಸ್ ಫೌಂಡೇಶನ್ ಸೇರಿತು. ಇದಕ್ಕೆ ಮನಸಾರೆ ಮೆಚ್ಚುಗೆ ಸಲ್ಲಿಸೋಣ. ಆದರೆ ಆ ವೇಳೆಗೆ ಜನರ ಕೈಗೆ ಆಂಡ್ರಾಯ್ಡ್ ಮತ್ತು ಐಫೋನ್ ಬಂದಿದ್ದವು, ಸರ್ವರ್‌ಗಳಲ್ಲಿ ಲಿನಕ್ಸ್ ಹಬ್ಬಿತ್ತು. ಐರೋಪ್ಯ ಆಯೋಗ 2004ರಲ್ಲಿ ಮೈಕ್ರೋಸಾಫ್ಟ್‌ಗೆ 49.7 ಕೋಟಿ ಯೂರೋ ದಂಡ ಹಾಕಿ, ಬೇರೆಯವರ ಸರ್ವರ್‌ಗಳು ವಿಂಡೋಸ್‌ನೊಂದಿಗೆ ಕೆಲಸ ಮಾಡಲು ಬೇಕಾದ ಮಾಹಿತಿ ಕೊಡುವಂತೆ ಆದೇಶಿಸಿತ್ತು. ಬಾಗಿಲು ತೆರೆದದ್ದು ಕಾನೂನಿನ ಒತ್ತಡದಿಂದ, ಮಾರುಕಟ್ಟೆಯ ಬದಲಾವಣೆಯಿಂದ.

ಕನ್ನಡಿಗರಾದ ನಮಗೆ ಈ ಪಾಠ ಹೊಸದಲ್ಲ. ಯೂನಿಕೋಡ್‌ಗೆ ಮುಂಚಿನ ಕನ್ನಡ ಕಡತಗಳನ್ನು ನೆನೆಯಿರಿ. ರೋಮನ್ ಅಕ್ಷರಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟ್‌ಗಳು ಅವು. ‘ನುಡಿ’ ಎಂಬ ಕನ್ನಡ ತಂತ್ರಾಂಶದ ಫಾಂಟ್ ಇಲ್ಲದ ಗಣಕದಲ್ಲಿ ‘ಕನ್ನಡ’ ಎಂಬ ಪದವೇ ಒಂದು ರೋಮನ್ ಪಿ, ನೆತ್ತಿಯ ಮೇಲೆ ಗೀಟಿರುವ ಎ, ಒಂದು ಪೌಂಡ್ ಚಿಹ್ನೆ ಎಂದು ಚೆಲ್ಲಾಪಿಲ್ಲಿಯಾಗಿ ಕಾಣುತ್ತಿತ್ತು. ಅದನ್ನು ಹುಡುಕಲಾಗದು, ಅಕಾರಾದಿಯಾಗಿ ಜೋಡಿಸಲಾಗದು. ಯಾವ ಒಂದು ಕಂಪನಿಯ ಸ್ವತ್ತೂ ಅಲ್ಲದ ಯೂನಿಕೋಡ್ ಕನ್ನಡದ ಪ್ರತಿ ಅಕ್ಷರಕ್ಕೂ ಎಲ್ಲ ವೇದಿಕೆಗಳಲ್ಲಿ ಒಂದೇ ಸಂಕೇತ ಕೊಟ್ಟ ಮೇಲೆಯೇ ನಮ್ಮ ಬರಹ ಫೋನಿನಿಂದ ಗಣಕಕ್ಕೆ, ವಿಂಡೋಸ್‌ನಿಂದ ಲಿನಕ್ಸ್‌ಗೆ ಕೆಡದೆ ಸಾಗುತ್ತಿರುವುದು.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಸರ್ಕಾರಿ ಇಲಾಖೆಗಳೂ ವಿಶ್ವವಿದ್ಯಾಲಯಗಳೂ ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ ದತ್ತಾಂಶ ಮುಕ್ತ ಮಾನಕದಲ್ಲೇ ಇರಬೇಕು, ಯಾವಾಗ ಬೇಕಾದರೂ ಪೂರ್ತಿಯಾಗಿ ಹೊರತೆಗೆಯುವಂತಿರಬೇಕು ಎಂಬ ಷರತ್ತನ್ನು ಬರೆಯಲಿ. ಭಾರತ ಸರ್ಕಾರ 2010ರಲ್ಲೇ ಇ-ಆಡಳಿತಕ್ಕೆ ಮುಕ್ತ ಮಾನಕಗಳ ನೀತಿಯನ್ನು ಪ್ರಕಟಿಸಿದೆ. ಅದು ಕಡತದಲ್ಲೇ ಉಳಿಯದಿರಲಿ. ಹಳೆಯ ಫಾಂಟ್‌ಗಳಲ್ಲಿ ಸಿಕ್ಕಿಬಿದ್ದಿರುವ ಕನ್ನಡ ಪುಸ್ತಕಗಳನ್ನೂ ದಾಖಲೆಗಳನ್ನೂ ಯೂನಿಕೋಡ್‌ಗೆ ತರುವ ಕೆಲಸಕ್ಕೆ ಪ್ರಕಾಶಕರು ಕೈಜೋಡಿಸಲಿ. ಯುವ ಮಿತ್ರರೇ, ನೀವು ಮಾಡುವ ಪ್ರತಿಯೊಂದು ಕನ್ನಡ ತಂತ್ರಾಂಶವನ್ನೂ ಬಿಡುಗಡೆಗೆ ಮುನ್ನ ಎರಡು ಬೇರೆ ಬೇರೆ ಆಪರೇಟಿಂಗ್ ಸಿಸ್ಟಂಗಳಲ್ಲಾದರೂ ನಡೆಸಿ ನೋಡಿ. ಉಚಿತವಾಗಿ ಸಿಕ್ಕ ಸಾಧನವನ್ನು ಬಳಸುವ ಮೊದಲು, ಅದು ನಿಮ್ಮ ಕೆಲಸವನ್ನು ಎಲ್ಲಿಗೆ ಕಟ್ಟಿಹಾಕುತ್ತದೆ ಎಂದು ವಿಚಾರಿಸಿ.

ಯಾವುದೇ ಕಂಪನಿಯ ಮೇಲೆ ನಮಗೆ ಹಗೆಯಿಲ್ಲ. ಆದರೆ ನಾವು ಬರೆದದ್ದನ್ನು ಮುಂದೆ ಯಾವ ಯಂತ್ರದಲ್ಲಿ ಓದಬೇಕೆಂಬ ನಿರ್ಧಾರ ನಮ್ಮದಾಗಿಯೇ ಉಳಿಯಬೇಕು. ಅದನ್ನು ಉಳಿಸಿಕೊಳ್ಳುವ ಕೆಲಸವನ್ನು ಈ ಸಮ್ಮೇಳನ ತನ್ನ ನಿರ್ಣಯವಾಗಿ ಅಂಗೀಕರಿಸಬೇಕೆಂದು ವಿನಂತಿಸಿ ನನ್ನ ಮಾತು ಮುಗಿಸುತ್ತೇನೆ.